ಒಂದು ಬಾಯಿ ನೀರು

ಮೂರು ಸ್ವೆಟರ್ ಹಾಕಿಕೊಂಡು, ಬಾಯಿ ತುಂಬ ನೀರಿಟ್ಟುಕೊಂಡು, ಬೇಕರಿಯ ಸೊಸೆ ಉರಿಯುವ ಭಟ್ಟಿಯ ಮುಂದೆ ನಿಂತಲ್ಲೇ ಓಡುತ್ತಿದ್ದಳು. ಓಡಬೇಕಾದ ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಎದುರಿಗೆ ಹಿಟ್ಟಿನ ಡಬ್ಬದ ಮೇಲೆ ಅತ್ತೆ ಕೂತಿದ್ದರು. ಬಲಗೈಯಲ್ಲಿ ಜಪಸರ, ಎಡಗೈಯಲ್ಲಿ ಖಾಲಿ ಗಾಜಿನ ಲೋಟ. ಲೋಟದ ನಡುವಿಗೆ ಒಂದು ಕೆಂಪು ದಾರ ಕಟ್ಟಿತ್ತು. ದಾರದ ಮಟ್ಟಕ್ಕೆ ಅಳೆದು ಕೊಟ್ಟ ನೀರು ಅದೇ ಮಟ್ಟಕ್ಕೆ ವಾಪಸು ಬರಬೇಕು. ಬಂದರೆ ನಾಳೆ ಬೆಳಗಿನ ಬಸ್ಸು ಹತ್ತಿ ಮರುಭೂಮಿಯ ನಾಲ್ಕು ದಿನದ ಓಟಕ್ಕೆ. ಒಂದು ಗುಟುಕು ನುಂಗಿದರೂ ಈ ವರ್ಷದ ಓಟ ಇಲ್ಲಿಗೇ ಮುಗಿಯಿತು. ಹಾಗೆಂದು ಮಾತು ಕೊಟ್ಟವಳು ಅವಳೇ.

ಬಿಸಿಲಿನ ಭಯ ಅವಳಿಗಿರಲಿಲ್ಲ. ಹದಿನಾರು ವರ್ಷ ಭಟ್ಟಿಯ ಮುಂದೆ ಬೆಂದ ಮೈ. ಕಷ್ಟವೆಲ್ಲ ನಾಲಿಗೆಯದು. ಹೋದ ವರ್ಷ ಕುಡಿಯುವ ನೀರಿನ ಪುಟ್ಟ ಗಾಡಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಒಬ್ಬಳೇ ಮರಳಿಗೆ ಇಳಿದವಳು, ಮಾತಿಗೆ ಯಾರೂ ಸಿಗದೆ ಗಾಡಿಯ ಚಕ್ರದ ಜೊತೆ ಮಾತಾಡಿದಳು, ಕಲ್ಲುಗಳ ಜೊತೆ ಮಾತಾಡಿದಳು, ತನ್ನ ನೆರಳಿಗೇ ಬುದ್ಧಿ ಹೇಳಿದಳು. ತೆರೆದ ಬಾಯಿಗೆ ಬಿಸಿಗಾಳಿ ನುಗ್ಗಿ, ನಾಲ್ಕು ದಿನದ ದಾರಿಯಲ್ಲಿ ಎರಡನೇ ದಿನಕ್ಕೇ ನಾಲಿಗೆ ಅಂಗುಳಕ್ಕೆ ಅಂಟಿ, ಹಿಂದಿರುಗಿ ಬಂದಳು.

"ನಿನ್ನನ್ನ ವಾಪಸು ಕಳಿಸಿದ್ದು ಬಿಸಿಲಲ್ಲ ಕಣಮ್ಮ, ಬಾಯಿ" ಎಂದಿದ್ದರು ಅತ್ತೆ. ಬೆಳಗಿನ ಪ್ರಾರ್ಥನೆಗೆ ಕೂತರೆ ಒಂದು ತಾಸು ತುಟಿ ಬಿಚ್ಚದ ಹೆಂಗಸು ಅವರು. ದಾರದ ಲೋಟ ಅವರದೇ ಉಪಾಯ. ಹತ್ತು ದಿನದ ಅಭ್ಯಾಸದಲ್ಲಿ ಹತ್ತು ದಿನವೂ ಸೊಸೆ ಮಾತಾಡಲು ಹೋಗಿ ನೀರು ನುಂಗಿದ್ದಳು. ಒಂದು ದಿನ ಬೆಕ್ಕು ಒಳಗೆ ಬಂತೆಂದು, ಮರುದಿನ ಬೆಕ್ಕು ಯಾಕೆ ಬರಲಿಲ್ಲವೆಂದು.

ಗಂಡ ಉದ್ದ ಹಿಡಿಯ ಹಲಗೆಯಿಂದ ಭಟ್ಟಿಯೊಳಗಿನ ಬ್ರೆಡ್ಡು ತಿರುಗಿಸುತ್ತ ಓರೆಗಣ್ಣಲ್ಲಿ ಹೆಂಡತಿಯನ್ನು ನೋಡಿದ.

"ಅಮ್ಮ, ನಮ್ಮ ಮದುವೆ ಹೇಗಾಯ್ತು ಅಂತ ನಿಂಗೆ ಸರಿಯಾಗಿ ಗೊತ್ತಾ?"

"ಇವಳು ಸಾವಿರ ಸಲ ಹೇಳಿದಾಳಲ್ಲೋ."

"ಅದು ಇವಳ ಕಥೆ. ನಿಜ ಬೇರೆ. ಇವಳೇ ನನ್ನ ಹಿಂದೆ ಬಿದ್ದಿದ್ದು. ದಿನಕ್ಕೆ ಮೂರು ಸಲ ಬನ್ನು ತಗೊಳೋಕೆ ಬರ್ತಿದ್ಲು. ಮನೇಲಿದ್ದಿದ್ದು ಇಬ್ಬರೇ ಜನ, ಅದರಲ್ಲೊಬ್ಬರಿಗೆ ಹಲ್ಲಿರಲಿಲ್ಲ!"

ಸೊಸೆಯ ಕಣ್ಣುಗಳು ಅಗಲವಾದವು. ದಿನಕ್ಕೆ ಮೂರು ಸಲ, ಯಾರೂ ಕೇಳದಿದ್ದರೂ, ಸೈಕಲ್ಲಿನಲ್ಲಿ ಬ್ರೆಡ್ಡು ತಂದು ಅವಳ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದವನು ಅವನು. ಉಬ್ಬಿದ ಕೆನ್ನೆಗಳು ಟೊಮೇಟೊ ಆದವು. ಓಡುತ್ತಲೇ ಅವನತ್ತ ಬೆರಳು ತೋರಿಸಿ, ಎರಡೂ ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದಂತೆ ಮಾಡಿ, ಬೆಲ್ಲು ಹೊಡೆದು ತೋರಿಸಿದಳು.

"ನೋಡಮ್ಮ, ಕೈ ಮುಗಿದು ಒಪ್ಕೋತಿದಾಳೆ."

"ಹೌದೇನೇ?" ಎಂದರು ಅತ್ತೆ, ಏನೂ ಅರಿಯದವರಂತೆ.

ನಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ನೀರು ಮೂಗಿಗೇರುವುದರಲ್ಲಿತ್ತು. ಅವಳು ಕಣ್ಣು ಮುಚ್ಚಿ, ಗೋಡೆಯ ಕಡೆ ತಿರುಗಿ, ಕಾಲಿನ ಸಪ್ಪಳವೊಂದನ್ನೇ ಹಿಡಿದುಕೊಂಡಳು. ಧಪ್, ಧಪ್, ಧಪ್. ಬೆವರು ಗಲ್ಲದಿಂದ ತೊಟ್ಟಿಕ್ಕಿತು. ನಗು ಬಂದ ದಾರಿಯಲ್ಲೇ ಮೆಲ್ಲಗೆ ಇಳಿದು ಹೋಯಿತು.

ಗಂಡ ಇನ್ನೂ ಎರಡು ಸುಳ್ಳು ಹೇಳಿದ. ಮತ್ತೊಂದು ಹೊಳೆಯಲಿಲ್ಲ. ಅಂಗಡಿಯಲ್ಲಿ ಅವಳ ಕಾಲಿನ ಸಪ್ಪಳ ಬಿಟ್ಟರೆ ಬೇರೆ ಸದ್ದೇ ಉಳಿಯಲಿಲ್ಲ.

"ಏನಾದ್ರೂ ಹೇಳೇ" ಎಂದ ಕೊನೆಗೆ, ದನಿ ತಗ್ಗಿಸಿ. "ನಾಲ್ಕು ದಿನ ಈ ಅಂಗಡಿ ಹೀಗೇ ಇರುತ್ತಾ?"

"ಈಗ ನಿಜ ಹೇಳ್ದ" ಎಂದರು ಅತ್ತೆ. "ಅವಳ ಬಾಯಲ್ಲಿ ನೀರು, ಇವನ ಕಣ್ಣಲ್ಲಿ."

"ಭಟ್ಟಿ ಹೊಗೆ ಅಮ್ಮ."

"ಆಗಲಿ, ಹೊಗೆಯೇ ಆಗಲಿ. ಬ್ರೆಡ್ಡು ತೆಗಿ, ಸೀದೀತು."

ಹಿಟ್ಟಿನ ಧೂಳು ಕೂತ ಗಡಿಯಾರದಲ್ಲಿ ಮುಳ್ಳು ಮುಕ್ಕಾಲು ಸುತ್ತು ಮುಗಿಸಿತು. ಸೊಸೆ ನಿಂತಳು. ಅತ್ತೆ ಲೋಟ ಒಡ್ಡಿದರು. ಅವಳು ಬಗ್ಗಿ, ಬಾಯಲ್ಲಿದ್ದುದನ್ನೆಲ್ಲ ಅದಕ್ಕೆ ಬಿಟ್ಟಳು. ಮೂವರೂ ತಲೆಗೆ ತಲೆ ತಾಗುವಂತೆ ಬಾಗಿ ನೋಡಿದರು. ನೀರು ದಾರವನ್ನು ದಾಟಿ ಒಂದು ಎಳೆಯಷ್ಟು ಮೇಲೇ ನಿಂತಿತ್ತು.

"ಇದೇನಮ್ಮ, ಕೊಟ್ಟಿದ್ದಕ್ಕಿಂತ ಹೆಚ್ಚಿದೆ!"

"ತಡೆದ ಮಾತೂ ಅದರಲ್ಲಿ ಸೇರಿರಬೇಕು ಕಣೋ" ಎಂದು ಅತ್ತೆ ಜಪಸರವನ್ನು ಕಣ್ಣಿಗೊತ್ತಿಕೊಂಡು ನಕ್ಕರು. ಗಂಡ ಹಲಗೆಯನ್ನು ಗೋಡೆಗೆ ಒರಗಿಸಿ, ಬರಲಿರುವ ಬೈಗುಳಕ್ಕೆ ಎರಡೂ ಕಿವಿ ಮುಚ್ಚಿಕೊಂಡು ಸಿದ್ಧನಾಗಿ ನಿಂತ. ಸೈಕಲ್ಲಿನ ವಿಷಯವೊಂದಕ್ಕೇ ಬೈದು ಮುಗಿಸಲು ಅವಳಿಗೆ ಸಂಜೆಯವರೆಗೆ ಬೇಕಾಗಿತ್ತು.

ಬೈಗುಳ ಬರಲಿಲ್ಲ. ಅವಳು ಕತ್ತು ಓರೆ ಮಾಡಿ ಏನನ್ನೋ ಆಲಿಸುತ್ತಿದ್ದಳು. ಭಟ್ಟಿಯಿಂದ ಆಗ ತಾನೇ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟ ಬ್ರೆಡ್ಡುಗಳು ತಣ್ಣಗಾಗುತ್ತಿದ್ದವು. ಗಾಳಿ ತಾಗಿ ಅವುಗಳ ಗಟ್ಟಿ ಮೇಲ್ಪದರ ಬಿರಿಯುತ್ತಿತ್ತು: ಚಿಟ್, ಚಿಟಿ, ಚಿಟ್. ಒಂದು ನಿಲ್ಲಿಸಿದಲ್ಲಿ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಸೊಸೆ ಬೆವರು ಒರೆಸುವುದನ್ನೂ ಮರೆತು, ಅವುಗಳ ಹತ್ತಿರಕ್ಕೆ ಹೋಗಿ ಮಂಡಿಯೂರಿ ಕೂತಳು.

"ಅತ್ತೆ" ಎಂದಳು ಪಿಸುದನಿಯಲ್ಲಿ. "ಇಷ್ಟು ವರ್ಷ ಇವು ಹೀಗೆ ಮಾತಾಡ್ತಾನೇ ಇದ್ವಾ?"

"ಇದ್ವು ಕಣಮ್ಮ. ಮರಳಿಗೂ ಏನೋ ಹೇಳೋದಿರುತ್ತೆ, ಕೇಳ್ಕೊಂಡು ಬಾ" ಎಂದು ಅತ್ತೆ ಲೋಟದ ದಾರ ಬಿಚ್ಚಿ ಸೊಸೆಯ ಮಣಿಕಟ್ಟಿಗೆ ಸುತ್ತಿದರು. "ಬಂದ ಮೇಲೆ ನೀನು ಹೇಳು. ನಾವಿಬ್ಬರೂ ಬಾಯಲ್ಲಿ ನೀರಿಟ್ಕೊಂಡು ಕೂತ್ಕೋತೀವಿ."