ಟೇಪಿನ ತುದಿ

ಎಸರಿಗೆ ಹಿಟ್ಟು ಬಿಟ್ಟು ತಿರುವುತ್ತಿದ್ದಂತೆಯೇ ಮುದ್ದೆಕೋಲು ರೂಪಳ ಕೈಜಾರಿ ನೆಲಕ್ಕೆ ಬಿತ್ತು. ಬೆಳಗಿನ ಹೊತ್ತು ಅವಳ ಬೆರಳುಗಳು ಹಾಗೆಯೇ. ಬಿಸಿಲೇರುವ ತನಕ ಮಡಚಲು ಬರುವುದಿಲ್ಲ.

"ಬುಡವ್ವ ಅತ್ಲಾಗೆ, ನಾನ್ ತಿರುವ್ತೀನಿ. ನೀನ್ ಮಗೀಗೆ ಜಡೆ ಆಕೋಗು, ವ್ಯಾನ್ ಬತ್ತದೆ" ಎಂದು ಅತ್ತೆ ಚಲುವಮ್ಮ ಕೋಲು ತೊಳೆದುಕೊಂಡು ಒಲೆಯ ಮುಂದೆ ನಿಂತರು. ಕೈಯ ಜೊತೆ ಬಾಯಿಯೂ ಓಡಿತು. "ಕಲ್ಗುಂಡಂಗಿದ್ದೆ ಕಣವ್ವ. ಈ ಮಗು ಉಟ್ಟಿದ್ ಮ್ಯಾಕೆ ತಾನೆ ಈ ಕೀಲ್ನೋವು ಅಮರ್ಕೊಂಡಿದ್ದು!"

"ಮೆಲ್ಲಗೆ ಮಾತಾಡಿ ಅತ್ತೆ, ಅವ್ಳು ಅಲ್ಲೇ ಅವ್ಳೆ."

ಜಗುಲಿಯ ಮೇಲೆ ದೀಪಿಕ ಕೂದಲು ಕೆದರಿಕೊಂಡು ಕೂತಿದ್ದಳು. ಬಾಚಣಿಗೆ ತಲೆಗೆ ತಾಗಿದರೆ ಸಾಕು, ಮದ್ದೂರಿನ ಶಾಲೆಯ ಕಥೆಯೆಲ್ಲ ಬಿಚ್ಚುವ ಹುಡುಗಿ. ಶನಿವಾರದಿಂದ ಮಾತೇ ಇಲ್ಲ. ಅಂದು ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅವಳನ್ನೂ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ರೋಗದ ಮೇಲೆ ಕಾದಾಡಬೇಕಾದ ಜೀವಕೋಶಗಳಿಗೇ ಬೇಗ ಮುಪ್ಪು ಬಂದಂತಿದೆ, ಒಂದು ಕೋಶ ಎರಡಾಗುವಾಗಲೆಲ್ಲ ಅದರೊಳಗಿನ ಎಳೆಯ ತುದಿ ಸವೆಯುತ್ತದೆ, ಹಾಗೆ ಸವೆದವು ತನ್ನದು ಪರರದ್ದು ತಿಳಿಯದೆ ಕೀಲುಗಳ ಮೇಲೇ ಬೀಳುತ್ತವೆ ಎಂದಿದ್ದರು ಡಾಕ್ಟರು.

"ಅಂಗಂದ್ರೇನವ್ವ?" ಎಂದು ಹೊರಗೆ ಬಂದ ಮೇಲೆ ಚಲುವಮ್ಮ ಕೇಳಿದ್ದರು.

"ದೀಪಿ ಜಡೆ ಟೇಪಿನ ಥರ ಕಣತ್ತೆ. ತುದಿ ಎಳೆ ಬಿಟ್ಟಾಗೆಲ್ಲ ಕತ್ತರಿಸಿ ಸುಡ್ತೀವಲ್ಲ, ಗಿಡ್ಡ ಆಯ್ತಾ ಹೋಯ್ತದಲ್ಲ, ಹಂಗೆ."

ಬೆಂಚಿನ ತುದಿಯಲ್ಲಿ ಕೂತಿದ್ದ ಮಗು ತನ್ನ ಜಡೆಯನ್ನು ಮುಂದಕ್ಕೆಳೆದು ನೋಡಿಕೊಂಡಿತ್ತು. ಅಂದಿನಿಂದ ಅದಕ್ಕೆ ಏನನ್ನೋ ಕೇಳಬೇಕಾಗಿದೆ ಎಂದು ರೂಪಳಿಗೆ ಗೊತ್ತು. ನಿಂಗೆ ವಾಸಿ ಆಗಲ್ವಾ ಎಂದು ಕೇಳಿದರೆ ಹೇಳಬೇಕಾದ್ದನ್ನು ಪಾತ್ರೆ ತಿಕ್ಕುತ್ತಾ ಹೊಂದಿಸಿಟ್ಟುಕೊಂಡೂ ಇದ್ದಳು: ಮಾತ್ರೆ ಇದೆ, ನೋವು ಹತೋಟಿಗೆ ಬರ್ತದೆ, ನಾನೆಲ್ಲೂ ಹೋಗಲ್ಲ ಕಂದ.

ಎರಡು ಜಡೆ ಹೆಣೆಯುವಷ್ಟರಲ್ಲಿ ಬೆರಳ ಗೆಣ್ಣುಗಳು ಉರಿದವು. ಕೆಂಪು ಟೇಪಿನ ತುದಿ ಮತ್ತೆ ಎಳೆಎಳೆಯಾಗಿತ್ತು. ರೂಪ ಕತ್ತರಿ ತೆಗೆದುಕೊಂಡು, ತುದಿ ಸುಡಲು ಬೆಂಕಿಪೊಟ್ಟಣಕ್ಕೆ ಕೈಚಾಚಿದಳು. ದೀಪಿಕ ತಿರುಗಿ ಟೇಪನ್ನು ಕಿತ್ತುಕೊಂಡು ಬೆನ್ನ ಹಿಂದೆ ಬಚ್ಚಿಟ್ಟಳು.

"ಕತ್ತರಿಸ್ಬೇಡ."

"ಎಳೆ ಬಿಟ್ಕೊಂಡದೆ ಕಣೇ. ಮಿಸ್ಸು ಬಯ್ಯಲ್ವಾ?"

"ಬಯ್ಲಿ."

"ಹೊಸ ಟೇಪು ತಂದ್ಕೊಡ್ತೀನಿ, ಕೊಡಿಲ್ಲಿ."

"ನಂಗೆ ಹೊಸದು ಬ್ಯಾಡ."

ರಸ್ತೆಯ ತಿರುವಿನಲ್ಲಿ ವ್ಯಾನಿನ ಹಾರನ್ನು ಕೇಳಿಸಿತು. ಮಗು ಕದಲಲಿಲ್ಲ. ರೂಪ ಕತ್ತರಿ ಕೆಳಗಿಟ್ಟು, ಮಡಚಲಾಗದ ಅಂಗೈಯಿಂದಲೇ ಅದರ ಗಲ್ಲ ಎತ್ತಿದಳು. ಒಳಗೆ ಮುದ್ದೆ ಕಟ್ಟುತ್ತಿದ್ದ ಚಲುವಮ್ಮನ ಕಡೆಗೊಮ್ಮೆ ನೋಡಿ, ತಾಯಿಯ ಊದಿದ ಬೆರಳುಗಳನ್ನು ನೋಡಿ, ದೀಪಿಕ ಕೊನೆಗೂ ಬಾಯಿಬಿಟ್ಟಳು.

"ಅಮ್ಮಾ, ನಾನ್ ಹುಟ್ಟುವಾಗ ನಿನ್ನೊಳಗಿನ್ ಟೇಪಲ್ಲಿ ಎಷ್ಟುದ್ದ ಕತ್ತರಿಸ್ಕೊಂಡು ಬಂದ್ಬುಟ್ಟೆ?"