ಐದನೆಯ ಕಸುಬು

"ನಿನ್ನ ಯೋಧ ಹೋದ ವಾರವೇ ಸತ್ತ. ಇವತ್ತು ಹೊಸ ಪಾತ್ರ ಬೇಕು. ಹೇಳು, ಯಾವ ಕಸುಬು?" ಎಂದು ಸಲ್ಮಾ ಪೆನ್ಸಿಲ್ ಹಿಡಿದು ಕೇಳಿದಳು.

ಗುಂಡ್ಲುಪೇಟೆಯಲ್ಲಿ ಅಬ್ದುಲ್ ಜಬ್ಬಾರರ ಮರಗೆಲಸದ ಅಂಗಡಿಗೆ ಭಾನುವಾರ ರಜೆ. ಇನ್ನೂ ಪಾಲಿಶ್ ಕಾಣದ ಮಂಚದ ಮೇಲೆ ಮೂವರು ಕೂತಿದ್ದರು: ಜಬ್ಬಾರರ ಮಗಳು ಸಲ್ಮಾ, ಅವಳ ತಮ್ಮ ಅಕೀಬ್, ಮದ್ದೂರು ಕಾಡಿಗೆ ಬೆಂಕಿ ಬೀಳದಂತೆ ದಿನಗೂಲಿಗೆ ಕಾವಲು ಕಾಯುವ ಶಿವಮಲ್ಲು. ಆಟ ಮೈಸೂರಿನ ಹಳೇ ಪುಸ್ತಕದ ಅಂಗಡಿಯಿಂದ ಬಂದದ್ದು. ಸಲ್ಮಾ ಕಥೆ ಹೇಳುತ್ತಾಳೆ. ಮಿಕ್ಕವರು ಕಥೆಯೊಳಗಿನ ಒಬ್ಬೊಬ್ಬನಾಗಿ, ತಾವು ಏನು ಮಾಡುತ್ತೇವೆಂದು ಹೇಳಬೇಕು. ಅದು ಆಯಿತೋ ಇಲ್ಲವೋ ಎನ್ನುವುದನ್ನು ಚೀಲದಿಂದ ಎತ್ತಿದ ಹುಣಸೆಬೀಜದ ಮೇಲಿನ ನಂಬರು ತೀರ್ಮಾನಿಸುತ್ತದೆ. ಆ ಇಂಗ್ಲಿಷ್ ಪುಸ್ತಕದಲ್ಲಿ ಕಸುಬು ನಾಲ್ಕೇ: ಯೋಧ, ಮಾಂತ್ರಿಕ, ಪೂಜಾರಿ, ಕಳ್ಳ.

"ಬೆಂಕಿ ಕಾವಲುಗಾರ," ಎಂದ ಶಿವಮಲ್ಲು.

"ಅದು ಪುಸ್ತಕದಲ್ಲಿಲ್ಲ."

"ನೀವು ಸೇರ್ಸಿ ಸಲ್ಮಕ್ಕ."

"ಸೇರಿಸ್ತೀನಿ. ಅವನ ಹತ್ರ ಏನಿದೆ?"

"ಉದ್ದನೆ ಕೋಲು. ಖಾಕಿ ಅಂಗಿ. ಶಕ್ತಿ ವಸಿ ಜಾಸ್ತಿ ಬರ್ಕಳಿ."

ಅಕೀಬ್ ಅಕ್ಕನ ಕಡೆ ನೋಡಿ ನಕ್ಕ. "ಸತ್ತ ಯೋಧನಿಗೇ ಖಾಕಿ ಹಾಕ್ಬುಟ್ಟು ಕರ್ಕಂಡು ಬಂದವ್ನೆ ಆಪಾ."

"ಅಂಗಿ ಬದಲಾದ್ರೆ ಕಸುಬು ಬದಲಾಗಲ್ಲ ಶಿವಮಲ್ಲು," ಎಂದಳು ಸಲ್ಮಾ. "ಶಕ್ತಿ ಯಾರಿಗೆ ಬೇಕಾದ್ರೂ ಇರಬಹುದು. ಕಳ್ಳ ಇಲ್ದಿದ್ರೆ ಬೀಗ ತೆಗೆಯೋರಿಲ್ಲ. ಪೂಜಾರಿ ಇಲ್ದಿದ್ರೆ ಗಾಯ ಮಾಯಲ್ಲ. ನಿನ್ನವನು ಇಲ್ದಿದ್ರೆ ಏನು ನಿಂತೋಗುತ್ತೆ? ಒಂದೇ ಒಂದು ಹೇಳು, ಬರ್ಕೋತೀನಿ. ಇಲ್ಲಾಂದ್ರೆ ಆ ನಾಲ್ಕರಲ್ಲಿ ಒಂದು ತಗೋ."

ಶಿವಮಲ್ಲುವಿನ ಕಿವಿ ಬಿಸಿಯಾಯಿತು. ಮೊನ್ನೆ ಕಾಡಿನ ಕೆಲಸದ ಮೇಸ್ತ್ರಿ ಕೇಳಿದ್ದೂ ಇದನ್ನೇ, ಇಷ್ಟು ಮರ್ಯಾದೆಯಾಗಿ ಅಲ್ಲ ಅಷ್ಟೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನೀನು, ಸೊಪ್ಪು ಮುರಿದು ಬೆಂಕಿ ಬಡಿಯೋಕೆ ಯಾರಾದರೇನು, ನೀನಲ್ಲದಿದ್ದರೆ ಇನ್ನೊಬ್ಬ ಅಂದಿದ್ದ. ಹಾಗೆ ಕೇಳುವವರಿಲ್ಲದ ಜಾಗ ವಾರಕ್ಕೊಂದು ದಿನ ಇದೊಂದಾದರೂ ಇದೆ ಅಂದುಕೊಂಡಿದ್ದ.

"ನಿಮ್ಮಾಟ ನೀವೇ ಆಡ್ಕಳಿ," ಎಂದು ಎದ್ದು ಚಪ್ಪಲಿ ಹುಡುಕಿದ. "ಇಲ್ಲಿಗೆ ಬಂದ್ರೂವೆ ಅದೇಯ."

ಸಲ್ಮಾ ತಡೆಯಲಿಲ್ಲ. ಅಕೀಬನ ಕಡೆ ತಿರುಗಿ ಕಥೆ ಮುಂದುವರಿಸಿದಳು. ಅಕೀಬನ ಮಾಂತ್ರಿಕ, ಜೊತೆಗೆ ಅವನನ್ನೇ ನಂಬಿ ಬಂದ ಹಳ್ಳಿಯ ಜನ, ಎಲ್ಲರೂ ಗುಡ್ಡದ ನಡುವೆ ಇದ್ದಾರೆ. ಎದೆಮಟ್ಟದ ಒಣಹುಲ್ಲು. ಕೆಳಗಿನಿಂದ ಬೆಂಕಿ ಏರಿ ಬರುತ್ತಿದೆ. "ಏನ್ಮಾಡ್ತೀಯ?"

"ಮಳೆ ಮಂತ್ರ."

"ಅದನ್ನ ಬೆಳಿಗ್ಗೆನೇ ಖರ್ಚು ಮಾಡ್ದೆ."

"ಹಂಗಾದ್ರೆ ಎಲ್ಲರನ್ನೂ ಕರ್ಕಂಡು ಗುಡ್ಡದ ಮೇಲಕ್ಕೆ ಓಡ್ತೀನಿ." ಅಕೀಬ್ ಬೀಜದ ಚೀಲಕ್ಕೆ ಕೈ ಹಾಕಿದ.

"ಮ್ಯಾಲಕ್ಕೆ ಓಡ್ಬ್ಯಾಡ ಕಣ್ಲಾ." ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ ಶಿವಮಲ್ಲು. "ಬೆಂಕಿ ನಿನ್ಗಿಂತ ಜೋರಾಗಿ ಗುಡ್ಡ ಅತ್ತತದ. ಅಷ್ಟು ಜನಾನೂ ಕರಕಲು ಮಾಡ್ಬುಡ್ತೀಯ."

"ಮತ್ತೇನು, ಕೂತ್ಕಂಡು ಬೀಡಿ ಸೇದ್ಲಾ?"

"ಮಣ್ಣು ತೂರಿ ಗಾಳಿ ನೋಡು. ಗಾಳಿ ಯಾವ ಕಡಿಕ್ಕೆ ಓಯ್ತದೋ ಆ ಕಡೆ ಹುಲ್ಲಿಗೆ ನೀನೇ ಬೆಂಕಿ ಇಕ್ಕು. ಅದು ಮುಂದುಕ್ಕೆ ಉರ್ಕಂಡು ಓಯ್ತದ. ಸುಟ್ಟ ಜಾಗಕ್ಕೆ ಎಲ್ಲಾರ್ನೂ ಕರ್ಕಂಡೋಗಿ ಬೋರಲು ಮಲಗ್ಸು. ಕೆಳಗ್ಲು ಬೆಂಕಿ ಬತ್ತದ, ಅಲ್ಲಿ ತಿನ್ನಕೆ ಏನೂ ಇಲ್ಲ ಅಂತ ಪಕ್ಕಕ್ಕೆ ತಿರಿಕ್ಕಂಡು ಓಯ್ತದ."

"ಬೆಂಕಿ ಹಚ್ಚೋದು ಮಾಂತ್ರಿಕನ ಕೆಲಸ ಆಪಾ. ನನ್ನ ಕಸುಬು ಕದೀತವ್ನೆ."

"ನೀನು ಬೆಂಕಿ ಎಸೀತೀಯ. ನಾನು ಅದ್ರ ಊಟ ಕಿತ್ಕತೀನಿ. ಎರಡೂ ಒಂದೇನ್ಲಾ?"

ಸಲ್ಮಾ ಪುಸ್ತಕದ ಹಾಳೆ ತಿರುವಿದಳು. ಹಿಂದೆ ಮುಂದೆ ಎಲ್ಲ ನೋಡಿದಳು. ಆಮೇಲೆ ಚೀಲವನ್ನು ಶಿವಮಲ್ಲುವಿನತ್ತ ಚಾಚಿದಳು. "ಬೀಜ ಎತ್ತು. ಆಗುತ್ತೋ ಇಲ್ವೋ ನೋಡೋಣ."

"ಇದಕ್ಯಾಕಕ್ಕ ಬೀಜ? ಓದ ಬ್ಯಾಸಗೇಲಿ ನಾವು ನಾಕು ಜನ ಹಿಂಗೇ ಬೂದಿ ಮ್ಯಾಲೆ ಬಿದ್ಕಂಡಿದ್ದೊ. ನಾಕು ಜನಾನೂ ಇವತ್ತಿಗೂ ಬದ್ಕವ್ರೆ."

ಸಲ್ಮಾ ಚೀಲದ ದಾರ ಬಿಗಿದು ಪಕ್ಕಕ್ಕಿಟ್ಟು, ನಾಲ್ಕು ಕಸುಬುಗಳ ಕೆಳಗೆ ಐದನೆಯದೊಂದು ಸಾಲು ಬರೆದಳು: ಬೆಂಕಿ ಕಾವಲುಗಾರ, ಬೆಂಕಿಯ ಊಟ ಕಿತ್ತುಕೊಳ್ಳುತ್ತಾನೆ.

"ಇದು ಇವನೊಬ್ಬನಿಗೇ. ಬೀಜ ಎತ್ತಬೇಕಾಗಿಲ್ಲ. ಇನ್ನು ಇವನು ಮಾಡಬಾರದ್ದು ಒಂದು ಹೇಳು. ಮಾಂತ್ರಿಕ ಕತ್ತಿ ಹಿಡಿಯಂಗಿಲ್ಲ. ಇವನು?"

ಶಿವಮಲ್ಲು ಯೋಚನೆಯನ್ನೇ ಮಾಡಲಿಲ್ಲ. "ಮಿಕ್ಕೋರ್ನ ಬುಟ್ಟು ಓಡಂಗಿಲ್ಲ. ಓಡ್ದ ಅಂದ್ರೆ ಆವತ್ತಿಗೆ ಅವನು ಕಾವಲುಗಾರ ಅಲ್ಲ."

ಸಲ್ಮಾ ಅದನ್ನೂ ಅವನ ಮಾತಿನಲ್ಲೇ ಬರೆದಳು. ಶಿವಮಲ್ಲು ಮಂಚದ ಮೇಲೆ ಬಂದು ಕೂತು, ತಲೆ ಬಗ್ಗಿಸಿ ಆ ಎರಡು ಸಾಲನ್ನು ನಿಧಾನಕ್ಕೆ ಓದಿಕೊಂಡ. "ಇದ್ನೊಂದು ಬ್ಯಾರೆ ಹಾಳೇಲೂ ಬರ್ಕೊಡಿ ಸಲ್ಮಕ್ಕ. ನಾಳಿಕ್ಕೆ ನಮ್ಮ ಮೇಸ್ತ್ರಿಗೆ ಓದಿ ಏಳ್ಬೇಕು."

"ಕೊಡ್ತೀನಿ. ಕೊನೇದೊಂದಿದೆ. ಈ ಕಸುಬು ಹಿಡಿಯೋನಿಗೆ ಬುದ್ಧಿಯ ನಂಬರು ಕಡೇಪಕ್ಷ ಎಷ್ಟಿರಬೇಕು ಅಂತ ಬರೀಬೇಕು."

"ಹದಿನಾರು."

"ಲೇ, ಮಾಂತ್ರಿಕನಿಗೇ ಹದಿಮೂರು ಕಣ್ಲಾ," ಎಂದ ಅಕೀಬ್.

"ಅವನು ಪುಸ್ತಕ ನೋಡ್ಕಂಡು ಮಾಡ್ತಾನೆ," ಎಂದ ಶಿವಮಲ್ಲು.