ಕಾರಣ ಮೊದಲು, ಪರಿಣಾಮ ಆಮೇಲೆ

ಇಂಗ್ಲಿಷ್ ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಲಿಂಕರ್ಸ್ ಬಳಸಿ, ಕಾರಣಕ್ಕೂ ಪರಿಣಾಮಕ್ಕೂ ಗಂಟು ಹಾಕಿ ಒಂದು ವಾಕ್ಯ ಬರೆ ಎಂದರೆ, ಊರುಗೋಲು ಹಿಡಿದು ಬಂದಿದ್ದ ಆ ಹುಡುಗಿ ಬೋರ್ಡಿನ ಮೇಲೆ ಬರೆದದ್ದು: 'ಐ ವೆಂಟ್ ಟು ಕಾಲೇಜ್. ಆ್ಯಸ್ ಎ ರಿಸಲ್ಟ್, ಮೈ ಲೆಗ್ ವಾಸ್ ಬ್ರೋಕನ್.'

"ಕಾಲೇಜಿಗೆ ಬಂದ್ರೆ ಕಾಲು ಮುರಿಯತ್ತೇನೇ? ಎಲ್ಲಾ ತಲೆಕೆಳಗು! ಕಾಲು ಮುರೀತು, ಅದಕ್ಕೇ ಇಷ್ಟು ದಿನ ಕಾಲೇಜಿಗೆ ಬರ್ಲಿಲ್ಲ ಅಂತ ಬರಿ."

"ನಾನು ಬರ್ದಿರೋದೇ ಸರಿ, ಮೇಡಂ."

"ನಂಗೇ ಎದುರುತ್ತರಾನಾ? ಅಳಿಸು ಮೊದ್ಲು!"

"ಅಳಿಸಲ್ಲ."

ಮೇಡಂ ಡಸ್ಟರನ್ನು ಮೇಜಿನ ಮೇಲೆ ಕುಕ್ಕಿದರು.

"ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ. ಮಗಳ ಜಾಣತನ ಅವರೂ ನೋಡ್ಲಿ."

"ನೋಡ್ಲಿ ಮೇಡಂ. ಕಾಲೇಜಿಗೆ ಹೋದ್ರೆ ಕಾಲು ಮುರೀತೀನಿ ಅಂದಿದ್ದೂ ಅವರೇ, ಮುರಿದಿದ್ದೂ ಅವರೇ."